ಮಾಮಿ ಮುಟ್ಟದ ಹರಿವಾಣ

ಹಸಿ ಸಿಮೆಂಟಿಗೆ ನೀರು ಹೊಯ್ದಾಗ ಏಳುವ ವಾಸನೆಯನ್ನು ಯಾರೂ ಹಿತವೆನ್ನಲಾರರು. ಸುಣ್ಣದ ಘಾಟು, ಒದ್ದೆ ಗೋಣಿಯ ಮುಗ್ಗಲು, ಅದರಡಿಯಲ್ಲಿ ಎಲ್ಲೋ ಕಬ್ಬಿಣದ ತುಕ್ಕು. ಕಳೆದ ತಿಂಗಳು ಒಂದು ಬೆಳಿಗ್ಗೆ ಬೆಳ್ತಂಗಡಿಯ ಬಸ್ಸಿಗೆಂದು ಹೊರಟವಳನ್ನು ಆ ವಾಸನೆ ನಮ್ಮ ಅಂಗಳದಲ್ಲೇ ನಿಲ್ಲಿಸಿತು. ಓಣಿಯ ತುದಿಯ ನಾಗಬನದ ಸುತ್ತ ಹೊಸ ಗೋಡೆಗೆ ಅಡಿಪಾಯ ಹಾಕಿದ್ದರು. ಯಾರೋ ಪೈಪು ಹಿಡಿದು ಅದಕ್ಕೆ ನೀರು ಬಿಡುತ್ತಿದ್ದರು. ನನಗೆ ಆಚೆಮನೆಯ ಮಾಮಿಯ ನೆನಪಾಯಿತು.

ಅವರನ್ನು ನೆನಪಿಸಲು ಬೇರೆ ವಾಸನೆಗಳು ಬೇಕಾದಷ್ಟಿದ್ದವು. ಅವರ ಸೀರೆಗೆ ಯಾವಾಗಲೂ ಏಲಕ್ಕಿ ಮತ್ತು ಕಾದ ಎಣ್ಣೆಯ ಪರಿಮಳ ಅಂಟಿಕೊಂಡಿರುತ್ತಿತ್ತು. ಆದರೆ ಓಣಿಯಲ್ಲಿ ಎಲ್ಲಿ ಸಿಮೆಂಟು ಕಲಸಿದರೂ ಸೊಂಟಕ್ಕೆ ಕೈಯಿಟ್ಟು ಮೂಗು ಅರಳಿಸಿ, “ಎಂತದಿದು, ಯಾರೋ ಊರಿಗಿಡೀ ಕಹಿ ಪಾಯಸ ಕಾಯಿಸುದಾ?” ಎಂದು ಗಟ್ಟಿಯಾಗಿ ಕೇಳುತ್ತಿದ್ದವರು ಅವರೊಬ್ಬರೇ. ಕಾಯಿಸುವವರಿಗೆ ಕೇಳಿಸಲಿ ಎಂದೇ ಕೇಳುತ್ತಿದ್ದರು.

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಾಗಿರಲಿಲ್ಲ. ಎರಡು ಮನೆಗಳ ನಡುವೆ ಕೆಂಪು ಮುರಕಲ್ಲಿನ ಗಿಡ್ಡ ಗೋಡೆಯೊಂದಿತ್ತು. ಆ ಗೋಡೆಯ ಮೇಲಿಂದಲೇ ನಮ್ಮ ಬಳಕೆ. ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಗೆ ಬೆನ್ನು ಹಾಕಿ ನಿಂತಿದ್ದ ಒಂದು ಹೊಟೇಲನ್ನು ಅವರು ಗಂಡ ತೀರಿಕೊಂಡ ಮೇಲೂ ಬಹಳ ಕಾಲ ಒಬ್ಬರೇ ನಡೆಸಿದ್ದರು. ಕಾಲುನೋವು ಹೆಚ್ಚಾದಾಗ ಅದನ್ನು ಬಿಟ್ಟುಕೊಟ್ಟು ಮೂಡುಬಿದಿರೆಗೆ, ತಾಯಿಯ ಪಾಲಿನ ಜಾಗಕ್ಕೆ ಮರಳಿದರು. ಮಕ್ಕಳಿರಲಿಲ್ಲ. ಬಂದ ವರ್ಷವೇ ಮನೆಯೆದುರಿನ ತೆಂಗಿನ ಮರಗಳನ್ನು ತೆಗೆಸಿ ಕಾಲೇಜು ಹುಡುಗಿಯರಿಗೆ ಮೂರು ಮಾಳಿಗೆಯ ಹಾಸ್ಟೆಲು ಕಟ್ಟಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅವರನ್ನು ಈಗ ನೆನೆಯುವ ಕೆಲವರು, ಕಟ್ಟಡವೆಂದರೆ ಆಗದ ಹಳೆಯ ಕಾಲದ ಹೆಂಗಸು ಎಂಬಂತೆ ಮಾತನಾಡುತ್ತಾರೆ. ಅವರು ಹಾಗಿರಲಿಲ್ಲ. ಸಿಮೆಂಟಿನ ಲಾರಿ ಬಂದರೆ ಲೆಕ್ಕ ಹಾಕಿ ಇಳಿಸಿಕೊಳ್ಳುವ ಹೆಂಗಸು.

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಎರಡೂ ಬದಿ ಗದ್ದೆ. ನಾನು ಕಾಲೇಜು ಮುಟ್ಟುವ ಹೊತ್ತಿಗೆ ಒಂದು ಬದಿ ಫ್ಲ್ಯಾಟು, ಇನ್ನೊಂದು ಬದಿ ಹಾಸ್ಟೆಲು, ನಡುವೆ ಕಾಂಕ್ರೀಟು ರಸ್ತೆ. ಕಟ್ಟದೆ ಉಳಿದದ್ದು ಓಣಿಯ ತುದಿಯ ನಾಗಬನ ಮಾತ್ರ. ದೊಡ್ಡದೇನಲ್ಲ. ಒಂದು ರೆಂಜೆ ಮರ, ಎರಡು ಹಾಲೆ ಮರ, ಒಂದು ಕಾಸರಕದ ಮರ, ಅವುಗಳನ್ನು ಒಂದಕ್ಕೊಂದು ಹೊಲಿದಂತೆ ಹಬ್ಬಿದ ಬಳ್ಳಿಗಳು. ನಡುವೆ ಎಲ್ಲೋ ನಾಗನ ಕಲ್ಲುಗಳು. ಅಲ್ಲಿಗೆ ಕತ್ತಿ ತಾಗಿಸುವಂತಿರಲಿಲ್ಲ. ಉದುರಿದ ಎಲೆಯನ್ನು ಗುಡಿಸುವಂತಿರಲಿಲ್ಲ. ನಾಗರಪಂಚಮಿಗೆ ಮತ್ತು ವರ್ಷದ ತಂಬಿಲದ ಪೂಜೆಗೆ ಹಾಲು, ಅರಸಿನ, ಎಳನೀರು ಹಿಡಿದು ಒಳಹೋದವರು ಹಿಂದೆ ನೋಡದೆ ಹೊರಬರುತ್ತಿದ್ದರು. ಅಷ್ಟೇ. ಉಳಿದಂತೆ ವರ್ಷವಿಡೀ ಅಲ್ಲಿ ಯಾರಿಗೂ ಕೆಲಸವಿರಲಿಲ್ಲ. ಮಕ್ಕಳ ಚೆಂಡು ಒಳಗೆ ಬಿದ್ದರೆ ಅದು ನಾಗನಿಗೇ.

ಮಳೆಗಾಲದಲ್ಲಿ ಓಣಿಯ ನೀರೆಲ್ಲ ಆ ಕಡೆಗೇ ಓಡುತ್ತಿತ್ತು. ಮಾಳಿಗೆಗಳಿಂದ ಇಳಿದದ್ದು, ಅಂಗಳಗಳಿಂದ ಹೊರಟದ್ದು, ರಸ್ತೆಯಲ್ಲಿ ಬಿದ್ದದ್ದು... ಬನದ ಅಂಚಿಗೆ ಬರುವವರೆಗೆ ಅದಕ್ಕೆ ಸದ್ದಿರುತ್ತಿತ್ತು. ಎಲೆಗಳ ಅಡಿಗೆ ಹೋದ ಮೇಲೆ ಸದ್ದಿರುತ್ತಿರಲಿಲ್ಲ. ಅಲ್ಲಿ ಅದು ಏನಾಗುತ್ತಿತ್ತೆಂದು ನಮ್ಮ ಬಾವಿಗೂ ಮಾಮಿಯ ಬಾವಿಗೂ ಗೊತ್ತಿತ್ತು.

ಬನ ಮಾಮಿಯ ಕುಟುಂಬದ್ದು. ಹೆಣ್ಣಿನ ಕಡೆಯಿಂದ ನಡೆದುಬರುವ ಅಳಿಯಕಟ್ಟಿನ ಮನೆತನ. ಆ ಕುಟುಂಬದಲ್ಲಿ ಆಗ ಬದುಕಿದ್ದವರಲ್ಲಿ ಹಿರಿಯ ಹೆಣ್ಣು ಇವರೇ. ಉಳಿದವರು ಮುಂಬೈ, ಮಂಗಳೂರು, ಮಸ್ಕತ್ತುಗಳಲ್ಲಿ ಹಂಚಿಹೋಗಿದ್ದರು. ತಮ್ಮ ಒಬ್ಬರು ದುಬೈಯಲ್ಲಿ ದುಡಿದು, ಊರಿಗೆ ಮರಳಿ, ಪೇಟೆಯ ಇನ್ನೊಂದು ಕಡೆ ಮನೆ ಕಟ್ಟಿಸಿಕೊಂಡಿದ್ದರು. ಅವರನ್ನು ಓಣಿಯವರೆಲ್ಲ ದುಬೈ ಮಾವ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕುರ್ಚಿ ಜೋಡಿಸುವವರು.

ಒಂದು ವರ್ಷ ಆ ಕುಟುಂಬದಲ್ಲಿ ಒಂದರ ಹಿಂದೆ ಒಂದು ತೊಂದರೆಗಳಾದವು. ಒಬ್ಬನ ಕೆಲಸ ಹೋಯಿತು, ಒಂದು ಮದುವೆ ಮಾತುಕತೆ ಮುರಿಯಿತು, ಒಂದು ಮಗು ಹುಷಾರಿಲ್ಲದೆ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗನಿಗೆ ಅಸಮಾಧಾನವಿದೆ ಎಂದು ಬಂತು. ನಮ್ಮಲ್ಲಿ ಇಂಥ ಮಾತು ಬಂದ ಮೇಲೆ ಮುಂದಿನದು ತಾನಾಗಿ ನಡೆಯುತ್ತದೆ. ವಾಟ್ಸಾಪಿನಲ್ಲಿ ಕುಟುಂಬದ ಗುಂಪಾಯಿತು, ಗುಂಪಿನಲ್ಲಿ ಸಮಿತಿಯಾಯಿತು, ಸಮಿತಿಯು ಜೀರ್ಣೋದ್ಧಾರ ಎಂಬ ಪದವನ್ನು ಹಿಡಿಯಿತು. ಬನದಲ್ಲಿ ಜೀರ್ಣವಾದದ್ದು ಏನಿತ್ತೆಂದು ಯಾರೂ ಕೇಳಲಿಲ್ಲ. ಜೀರ್ಣವಾಗುವುದೇ ಅಲ್ಲಿನ ಕೆಲಸವಾಗಿತ್ತು. ಎಲೆ ಬೀಳುವುದು, ಕೊಳೆಯುವುದು, ಮಣ್ಣಾಗುವುದು.

ದುಬೈ ಮಾವ ಮೊಬೈಲಿನಲ್ಲಿ ನಕ್ಷೆ ತೋರಿಸಲು ಬಂದ ದಿನ ನಾನು ಮಾಮಿಯ ಜಗಲಿಯಲ್ಲಿದ್ದೆ.

“ನೋಡಕ್ಕ, ತ್ರೀಡಿ ಮಾಡಿಸಿದ್ದೇನೆ.”

ಮಾಮಿ ಕನ್ನಡಕ ಹಾಕಿಕೊಂಡು ನೋಡಿದರು. “ಎಂತ ಇದು? ಪೆಟ್ರೋಲ್ ಪಂಪಾ?”

“ನಾಗನ ಕಟ್ಟೆ ಅಕ್ಕ. ಇದು ಮೇಲೆ ಮಾಡು, ಮಳೆ ಬೀಳದ ಹಾಗೆ. ಇದು ಗ್ರಾನೈಟು. ಸುತ್ತ ನೆಲಕ್ಕೆ ಇಂಟರ್‌ಲಾಕ್ ಕಲ್ಲು. ಇಲ್ಲಿ ಕಾರು ನಿಲ್ಲಿಸ್ಲಿಕ್ಕೆ.”

“ನಾಗನಿಗೆ ಕಾರುಂಟಾ?”

“ತಮಾಷೆ ಬೇಡ. ಬರುವವರ ಕಾಲಿಗೆ ಕೆಸರಾಗ್ತದೆ.”

“ವರ್ಷಕ್ಕೆ ಎರಡು ಸಲ ಬರುವ ನಿಮ್ಮ ಕಾಲಿಗೆ ಕೆಸರಾಗ್ತದೆ ಅಂತ ಇಂಟರ್‌ಲಾಕ್. ವರ್ಷ ಇಡೀ ಅಲ್ಲೇ ಇರುವವನಿಗೆ ಕಾಲೇ ಇಲ್ಲ, ಮಾರಾಯ.”

ನನಗೆ ನಗು ಬಂತು. ದುಬೈ ಮಾವನಿಗೆ ಬರಲಿಲ್ಲ. ಅವರು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು, ಸ್ವರ ಇಳಿಸಿ ಹೇಳಿದರು: “ನಾವೆಲ್ಲ ಎಸಿಯಲ್ಲಿ ಮಲಗುದು. ಅವನು ಮಳೆಯಲ್ಲಿ ನೆನೆಯುದು. ರಾತ್ರಿ ಮಳೆ ಜೋರಾದರೆ ನನಗೆ ನಿದ್ರೆ ಬರುದಿಲ್ಲ, ಗೊತ್ತುಂಟಾ?”

ಅದು ನಟನೆಯಾಗಿರಲಿಲ್ಲ. ತನಗೆ ಒಳ್ಳೆಯದೆನಿಸಿದ್ದನ್ನೆಲ್ಲ ದೇವರಿಗೂ ಕೊಡಬೇಕೆಂಬುದು ಅವರ ಭಕ್ತಿ. ತಾನು ಕಟ್ಟಿಕೊಂಡ ಮನೆಯಂಥದೇ ಮನೆಯನ್ನು ನಾಗನಿಗೂ ಕಟ್ಟಿಕೊಡಲು ಹೊರಟಿದ್ದರು. ಮಾಮಿಗೂ ಇದು ತಿಳಿಯಿತೆಂದು ಕಾಣುತ್ತದೆ. ಅವರ ಧ್ವನಿ ಮೆತ್ತಗಾಯಿತು.

“ನಿನಗೆ ಮನೆ ಬೇಕಿತ್ತು, ಕಟ್ಟಿದಿ. ನನಗೆ ಹಾಸ್ಟೆಲು ಬೇಕಿತ್ತು, ಕಟ್ಟಿದೆ. ಅವನು ಕೇಳಿದ್ದಾನಾ?”

“ಪ್ರಶ್ನೆಯಲ್ಲಿ ಬಂದಿದೆಯಲ್ಲ ಅಕ್ಕ.”

“ಪ್ರಶ್ನೆಯಲ್ಲಿ ಬಂದದ್ದು ಅಸಮಾಧಾನ. ಇಂಟರ್‌ಲಾಕ್ ಅಂತ ಬಂದದ್ದಲ್ಲ.”

ಅವರು ಹೋದ ಮೇಲೆ ಮಾಮಿ ಅಕ್ಕಿ ಆರಿಸುವ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ನಾನು ಆಗ ಮಂಗಳೂರಿನಲ್ಲಿ ಭೂಗೋಳದ ಎಂ.ಎಸ್ಸಿ. ಓದುತ್ತಿದ್ದೆ. ಊರು ಬೆಳೆಯುವಾಗ ಕಟ್ಟಿದ ಜಾಗಕ್ಕೂ ಕಟ್ಟದೆ ಬಿಟ್ಟ ಜಾಗಕ್ಕೂ ಒಂದು ಸಮತೂಕ ಇರಬೇಕೆಂಬುದನ್ನು ನಮಗೆ ಒಂದು ಇಡೀ ಪತ್ರಿಕೆಯಾಗಿ ಕಲಿಸುತ್ತಿದ್ದರು. ಅದನ್ನು ಮಾಮಿಗೆ ಹೇಳಿದೆ.

“ಪಾಸಾದೆಯಾ ಅದರಲ್ಲಿ?”

“ಆದೆ.”

“ಹಾಗಾದರೆ ನಿನಗೂ ಗೊತ್ತುಂಟು, ನನಗೂ ಗೊತ್ತುಂಟು. ಗೊತ್ತಿಲ್ಲದ್ದು ದುಬೈಯವನಿಗೆ ಮಾತ್ರ.” ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದರು. “ನಮ್ಮ ಹೊಟೇಲಿಗೆ ಹೊಸದಾಗಿ ಬಡಿಸ್ಲಿಕ್ಕೆ ಬರುವವರಿಗೆ ನಾನು ಒಂದು ಪಾಠ ಹೇಳ್ತಿದ್ದೆ. ಬಾಳೆಲೆ ಇಡೀ ಅನ್ನ ಬಡಿಸಿದರೆ ಗಿರಾಕಿ ಕಲಸುದು ಎಲ್ಲಿ? ಖಾಲಿ ಬಿಟ್ಟ ಜಾಗವೂ ಊಟದ್ದೇ. ಕೆಲವರಿಗೆ ಅದು ಅರ್ಥ ಆಗುದಿಲ್ಲ, ಎಲೆಯಲ್ಲಿ ಹಸಿರು ಕಂಡ ಕೂಡಲೇ ಸೌಟು ಹಾಕ್ತಾರೆ.”

ಆಮೇಲೆ, ನೆರೆ ಬಂದ ಒಂದು ವರ್ಷ ನದಿಯ ನೀರು ಹೊಟೇಲಿನೊಳಗೆ ನುಗ್ಗಿದ್ದನ್ನು ಹೇಳಿದರು. ನಾನು ಆ ಕಥೆಯನ್ನು ಮೊದಲೂ ಕೇಳಿದ್ದೆ. ಆ ದಿನ ಮಾತ್ರ ಅದರ ಕೊನೆ ಬೇರೆಯಾಗಿತ್ತು. “ನೀರಿಗೆ ಹೋಗ್ಲಿಕ್ಕೆ ಜಾಗ ಕೊಡದಿದ್ದರೆ ಅದು ಬಂದು ಮೇಜಿನ ಮೇಲೆ ಕೂತುಕೊಳ್ತದೆ. ಎಬ್ಬಿಸ್ಲಿಕ್ಕೂ ಆಗುದಿಲ್ಲ, ಬಿಲ್ಲೂ ಕೊಡುದಿಲ್ಲ.”

ಮಾತಿನಲ್ಲಿ ಗೆಲ್ಲುವುದು ಅವರಿಗೆ ಯಾವತ್ತೂ ಸುಲಭ. ಆದರೆ ಬನ ಮಾತಿನಿಂದ ಉಳಿಯುವಂಥದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು. ಉಳಿಸಲು ಅವರ ಕೈಯಲ್ಲಿದ್ದದ್ದು ಕುಟುಂಬದ ಒಂದೇ ಒಂದು ಕಟ್ಟಳೆ.

ಆ ಮನೆತನದಲ್ಲಿ, ಬನದ ಮರಕ್ಕೆ ಕತ್ತಿ ಹಾಕುವ ಮೊದಲು ಅಥವಾ ಕಲ್ಲನ್ನು ಕದಲಿಸುವ ಮೊದಲು ಪ್ರಾರ್ಥನೆಯಾಗಬೇಕು. ವೀಳ್ಯ, ಅಡಿಕೆ, ಅಡಿಕೆ ಹೂವಿನ ಹಿಂಗಾರ, ಎಳನೀರು ಇಟ್ಟ ಹರಿವಾಣ ಕುಟುಂಬದ ಎಲ್ಲರ ಮುಂದೆಯೂ ಬರುತ್ತದೆ. ಎಲ್ಲರೂ ಅದನ್ನು ಬಲಗೈಯಿಂದ ಮುಟ್ಟಬೇಕು. ಮುಟ್ಟಿದರೆ ಒಪ್ಪಿದಂತೆ. ಕಿರಿಯರಿಂದ ಹೊರಟು ಕೊನೆಗೆ ಹಿರಿಯ ಹೆಣ್ಣಿನ ಕೈ ತಾಗಿದ ಮೇಲೆಯೇ ಅದು ನಾಗನ ಎದುರಿಗೆ ಹೋಗುವುದು. ಒಂದು ಕೈ ತಾಗದಿದ್ದರೂ ಪ್ರಾರ್ಥನೆ ಸಲ್ಲದು. ಹಾಗೆ ತಾಗದೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಅದೊಂದು ಒಪ್ಪಿಗೆ ಕೇಳುವ ಕ್ರಮ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಪ್ರಾರ್ಥನೆಯ ದಿನ ನೆರೆಕರೆಯವರಾದ ನಾನೂ ಅಮ್ಮನೂ ಸ್ವಲ್ಪ ದೂರದಲ್ಲಿ ನಿಂತಿದ್ದೆವು. ಓಣಿಯಲ್ಲಿ ಕಾರುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಹರಿವಾಣ ಹೊರಟಿತು. ಅಮ್ಮಂದಿರ ಸೊಂಟದಲ್ಲಿದ್ದ ಕೂಸುಗಳ ಕೈಯನ್ನೂ ಹಿಡಿದು ತಾಗಿಸಿದರು. ಮಸ್ಕತ್ತಿನಿಂದ ಬರಲಾಗದವರೊಬ್ಬರು ಮೊಬೈಲಿನಲ್ಲಿ ಕೈ ಮುಗಿದು ನಿಂತಿದ್ದರು. ಯಾರೋ ಆ ಮೊಬೈಲನ್ನೇ ಹರಿವಾಣದ ಅಂಚಿಗೆ ತಾಗಿಸಿದರು. ಅದಕ್ಕೆ ಸಣ್ಣ ನಗೆಯೂ ಎದ್ದಿತು. ಹೀಗೆ ಹಗುರವಾಗಿಯೇ ಎಲ್ಲ ನಡೆಯುತ್ತ ಹರಿವಾಣ ಮಾಮಿಯ ಮುಂದೆ ಬಂತು.

ಮಾಮಿ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

“ಮುಟ್ಟಿ ಅಮ್ಮ, ಹೊತ್ತು ಮೀರ್ತದೆ,” ಎಂದರು ಭಟ್ಟರು.

“ಯಾನ್ ಮುಟ್ಟುಜಿ,” ಎಂದರು ಮಾಮಿ, ತುಳುವಿನಲ್ಲಿ. ಭಟ್ಟರಿಗೆ ಮರ್ಯಾದೆ ಕೊಡಬೇಕೆನಿಸಿತೋ ಏನೋ, ಮತ್ತೆ ಕನ್ನಡದಲ್ಲಿ ಹೇಳಿದರು: “ನಾನು ಮುಟ್ಟುದಿಲ್ಲ ಭಟ್ರೇ.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಮೈಲಿಗೆಯ ಸಂಗತಿ ಏನಾದರೂ ಇರಬಹುದೆಂದು ಒಬ್ಬಾಕೆ ಕಿವಿಯಲ್ಲಿ ಕೇಳಲು ಹೋದರು. ಮಾಮಿ ಅವರನ್ನು ಕಣ್ಣಿನಲ್ಲೇ ಹಿಂದೆ ಕಳಿಸಿದರು.

“ಅಕ್ಕ, ಜನ ನೋಡ್ತಾರೆ,” ಎಂದರು ದುಬೈ ಮಾವ.

“ನೋಡ್ಲಿ. ಹೊಟೇಲಿನ ಗಲ್ಲಾದಲ್ಲಿ ಕೂತು ಅಷ್ಟು ವರ್ಷ ಜನರನ್ನು ನೋಡಿದವಳು ನಾನು. ಈಗ ಅವರು ನನ್ನನ್ನು ನೋಡ್ಲಿ.”

ಹಿಂದಿನಿಂದ ದುಬೈ ಮಾವನ ಸೋದರಳಿಯನೊಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ: “ದೊಡ್ಡಮ್ಮನ ಹಾಸ್ಟೆಲಿನ ಹುಡುಗಿಯರ ಬಟ್ಟೆ ಒಣಗ್ಲಿಕ್ಕೆ ಬನದ ಗಾಳಿ ಬೇಕಲ್ಲ, ಹಾಗೆ.”

“ಹೌದು ಮಗ, ಗಾಳಿಯೂ ಬೇಕು. ನಿನ್ನ ಫ್ಲ್ಯಾಟಿನಲ್ಲಿ ಅದಕ್ಕೂ ಸ್ವಿಚ್ ಉಂಟು. ನಮ್ಮಲ್ಲಿ ಇಲ್ಲ.”

ಆಮೇಲೆ ಯಾರೂ ನಗಲಿಲ್ಲ. ದುಬೈ ಮಾವನ ಮುಖ ಬಿಗಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದ ಮಗು ಅವರ ಮೊಮ್ಮಗು. ಅವರು ಹೇಳಿದ ಮಾತು ಕೋಪದ್ದಲ್ಲ, ಹೆದರಿಕೆಯದು. “ನಾಳೆ ನಮ್ಮ ಮಕ್ಕಳಿಗೆ ಏನಾದರೂ ಆದರೆ ನೀನೇ ಹೊಣೆ. ಇಲ್ಲಿ, ಇದರ ಎದುರು ನಿಂತು ಹೇಳ್ತಿದ್ದೇನೆ.”

ಮಾಮಿ ಒಮ್ಮೆ ಬನದ ಕಡೆ ನೋಡಿದರು. ಅವರಿಗೆ ನಾಗನ ಭಯ ಇರಲಿಲ್ಲವೆಂದು ನಾನು ಹೇಳಲಾರೆ. ಈ ನೆಲದಲ್ಲಿ ಹುಟ್ಟಿದವರಲ್ಲಿ ಆ ಭಯವಿಲ್ಲದವರು ಕಡಿಮೆ. ನನಗೂ ಇದೆ, ಓದಿನ ಅಡಿಯಲ್ಲಿ ಎಲ್ಲೋ.

“ಆಗ್ಲಿ,” ಎಂದರು. “ಹೊಣೆ ನನ್ನದು.”

ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು. ಭಟ್ಟರು ಹರಿವಾಣವನ್ನು ನೆಲದ ಮೇಲಿಟ್ಟರು. ಕಾರುಗಳು ಬಂದದ್ದಕ್ಕಿಂತ ಬೇಗ ಹೊರಟುಹೋದವು. ಅಷ್ಟೂ ಜನರಿಗೆಂದು ಮಾಮಿ ತಾವೇ ನಿಂತು ಅಡುಗೆ ಮಾಡಿಸಿದ್ದರು. ಮುಟ್ಟುವುದಿಲ್ಲವೆಂದು ಅಷ್ಟು ಹೊತ್ತಿಗೇ ನಿಶ್ಚಯಿಸಿದ್ದರೂ ಪಾಯಸಕ್ಕೆ ದ್ರಾಕ್ಷಿ ಕಡಿಮೆ ಮಾಡಿರಲಿಲ್ಲ. ಕುಟುಂಬದವರು ಒಬ್ಬರೂ ಉಣ್ಣಲಿಲ್ಲ. ಹಾಸ್ಟೆಲಿನ ಹುಡುಗಿಯರು ಉಂಡರು, ಮರುದಿನವೂ ಉಂಡರು.

ಬನ ಉಳಿಯಿತು. ಮಗುವೂ ಗುಣವಾಗಿ ಮನೆಗೆ ಬಂತು. ಆದರೆ ಕುಟುಂಬದಲ್ಲಿ ಮಾಮಿಯ ಜಾಗ ಉಳಿಯಲಿಲ್ಲ. ವಾಟ್ಸಾಪಿನ ಗುಂಪಿನಿಂದ ಅವರನ್ನು ತೆಗೆದರು. “ಒಳ್ಳೆದಾಯ್ತು, ಬೆಳಿಗ್ಗೆ ಬೆಳಿಗ್ಗೆ ಗುಡ್ ಮಾರ್ನಿಂಗ್ ಗುಲಾಬಿ ಅಳಿಸುವ ಕೆಲಸ ತಪ್ಪಿತು” ಎಂದರು ಮಾಮಿ. ನಿಜವಾದ ಪೆಟ್ಟು ಆಮೇಲೆ ಬಂತು. ನಾರಾವಿಯಲ್ಲಿದ್ದ ಅವರ ತಂಗಿಯ ಮಗಳ ಮದುವೆ ಬಿ.ಸಿ. ರೋಡಿನ ಸಭಾಭವನದಲ್ಲಿ. ಕರೆಯನ್ನು ತಪ್ಪಿಸಿರಲಿಲ್ಲ. ಕರೆದುಕೊಂಡು ಹೋಗಲು ಕಾರು ಮಾತ್ರ ಬರಲಿಲ್ಲ. ಮಾಮಿ ರೇಷ್ಮೆ ಸೀರೆಯುಟ್ಟು ನಮ್ಮ ಜೊತೆ ಬಸ್ಸು ಹತ್ತಿದರು.

ನಮ್ಮ ಕಡೆಯ ಮದುವೆಗಳಲ್ಲಿ ಧಾರೆ ಎರೆಯುವ ಮೊದಲು ಗಿಂಡಿಯನ್ನು ಸಭೆಯ ನಡುವೆ ತರುತ್ತಾರೆ. ಹಿರಿಯರೆಲ್ಲ ಅದನ್ನು ಮುಟ್ಟಿ ಹರಸುತ್ತಾರೆ. ಎಲ್ಲರ ಕೈ ತಾಗಿದ ನೀರೇ ಧಾರೆಯಾಗಬೇಕು. ಅಂದು ಗಿಂಡಿ ಹಿಡಿದಿದ್ದವನು ಪ್ರಾರ್ಥನೆಯ ದಿನ ಹಂಗಿಸಿದ ಅದೇ ಅಳಿಯ. ನಮ್ಮ ಸಾಲಿನ ಹತ್ತಿರ ಬಂದಾಗ ಮಾಮಿ ಕುರ್ಚಿಯಿಂದ ಅರ್ಧ ಎದ್ದಿದ್ದರು, ಬಲಗೈ ಮುಂದಕ್ಕೆ ಚಾಚಿತ್ತು. ಗಿಂಡಿ ಅವರ ಕೈಯನ್ನು ದಾಟಿ ಹಿಂದಿನ ಸಾಲಿಗೆ ಹೋಯಿತು... ಅವನು ನೋಡದೆ ಹೋದದ್ದಲ್ಲ. ನೋಡಿಯೇ ಹೋದ.

ಚಾಚಿದ ಕೈಯನ್ನು ಅವರು ಸೆರಗು ಸರಿಪಡಿಸಿಕೊಳ್ಳುವವರಂತೆ ಹಿಂದಕ್ಕೆ ತಂದುಕೊಂಡರು. “ಊಟಕ್ಕೆ ಹೋಗುವ ಬನ್ನಿ, ತಡವಾದರೆ ಮೊದಲ ಪಂಕ್ತಿಯಲ್ಲಿ ಸೀಟು ಸಿಗ್ಲಿಕ್ಕಿಲ್ಲ,” ಎಂದು ಅಮ್ಮನನ್ನು ಎಬ್ಬಿಸಿದರು. ಚೆನ್ನಾಗಿಯೇ ಉಂಡರು. ಸಾಂಬಾರಿಗೆ ಕೊತ್ತಂಬರಿ ಹುರಿದದ್ದು ಸಾಲದೆಂದು ಅಡುಗೆಯವರನ್ನು ಕರೆಸಿ ಹೇಳಿದರು.

ವಾಪಸು ಬರುವಾಗ ಬಸ್ಸು ಸಿದ್ದಕಟ್ಟೆ ದಾಟಿತು. ಆಗ ಮಾಮಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, “ಆ ಹುಡುಗಿಗೆ ಮೊದಲ ತುತ್ತು ಉಣಿಸಿದ್ದು ನಾನು,” ಎಂದರು. ಅಮ್ಮ ಅವರ ಮೊಣಕೈ ಹಿಡಿದು, “ಹೋಗ್ಲಿ ಬಿಡಿ. ಇನ್ನಾದರೂ ಒಂದು ಸಲ ಆ ಹರಿವಾಣ ಮುಟ್ಟಿಬಿಡಿ. ನಾಲ್ಕು ಮರಕ್ಕೆ ಯಾಕೆ ಇಷ್ಟು,” ಎಂದರು.

ಮಾಮಿ ಈ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು, ಮಾತು ಗಟ್ಟಿಯಾಗಿತ್ತು. “ಇದಕ್ಕೆ ಹೆದರಿ ನಾಳೆ ನಾನು ಅದನ್ನು ಮುಟ್ಟಿದರೆ, ಇವತ್ತು ನನಗೆ ಬೇಜಾರಾದದ್ದೂ ದಂಡ ಅಲ್ವಾ ಮಾರಾಯ್ತಿ.”

ಮುಂದಿನ ವರ್ಷಗಳಲ್ಲಿ ಸಮಿತಿಯವರು ಮತ್ತೆ ಮತ್ತೆ ಕೇಳಿಸಿದರು. ಮಾಮಿ ಪ್ರತಿ ಸಲವೂ ಕೇಳಲು ಬಂದವರಿಗೆ ಚಹಾ ಕೊಟ್ಟು ಇಲ್ಲವೆಂದರು. ಸಂಜೆ ಬನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವುದನ್ನು ಅಭ್ಯಾಸ ಮಾಡಿಕೊಂಡರು. ಫ್ಲ್ಯಾಟಿನಿಂದ ಯಾರಾದರೂ ಕಸದ ಚೀಲ ಎಸೆಯಲು ಬಂದರೆ, “ಬಾ ಮಗ, ಎಸೆ. ಮೊದಲು ನಿನ್ನ ಮನೆಯ ನಂಬ್ರ ಹೇಳು, ನಾಗನಿಗೆ ಹೇಳ್ಲಿಕ್ಕುಂಟು,” ಎನ್ನುತ್ತಿದ್ದರು. ಚೀಲಗಳು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದವು. ಏಪ್ರಿಲಿನ ಬಿಸಿಲಿಗೆ ಓಣಿ ಕಾದಾಗ ಹಾಸ್ಟೆಲಿನ ಹುಡುಗಿಯರು ಪುಸ್ತಕ ಹಿಡಿದು ಅವರ ಸುತ್ತ ಬಂದು ಕೂರುತ್ತಿದ್ದರು. ಬೆಳ್ತಂಗಡಿಯಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ಸಂಜೆ ಬಸ್ಸಿಳಿದು ಓಣಿಗೆ ತಿರುಗಿದರೆ, ತುದಿಯ ಆ ಕಪ್ಪು ಹಸಿರಿನ ಮುಂದೆ ಅವರ ಬಿಳಿ ತಲೆ ದೂರದಿಂದಲೇ ಕಾಣುತ್ತಿತ್ತು.

ಒಂದು ಮಳೆಗಾಲದ ಕೊನೆಯಲ್ಲಿ, ಸಣ್ಣ ಜ್ವರವೆಂದು ಮಲಗಿದವರು ಏಳಲಿಲ್ಲ. ನಾನು ಆ ದಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಚಾರ್ಮಾಡಿಗೆ ಹೋಗಿದ್ದೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮನೆಗೆ ಬಂದಾಗ ಎಲ್ಲ ಮುಗಿದು, ಅವರ ಅಂಗಳದಲ್ಲಿ ಕುರ್ಚಿಗಳನ್ನು ಜೋಡಿಸಿಡುತ್ತಿದ್ದರು. ಜೋಡಿಸುತ್ತಿದ್ದವರು ದುಬೈ ಮಾವ. ನನ್ನನ್ನು ಕಂಡು, “ನಿನ್ನನ್ನು ಕೇಳ್ತಿದ್ದಳು,” ಎಂದರು. ಏನು ಕೇಳಿದರೆಂದು ನಾನು ವಿಚಾರಿಸಲಿಲ್ಲ. ಈಗಲೂ ಗೊತ್ತಿಲ್ಲ...

ಅವರ ನಂತರ ಕುಟುಂಬದ ಹಿರಿಯ ಹೆಣ್ಣು ನಾರಾವಿಯ ತಂಗಿ. ಅವರು ಹರಿವಾಣ ಮುಟ್ಟಿದರು. ಅವರನ್ನು ನಾನು ದೂರುವುದಿಲ್ಲ. ಮುಟ್ಟದವರಿಗೆ ಏನಾಗುತ್ತದೆಂದು ಅವರು ಕಂಡವರು; ಅಕ್ಕನ ಕೈಯನ್ನು ಗಿಂಡಿ ದಾಟಿಹೋದದ್ದು ಅವರದೇ ಮಗಳ ಮದುವೆಯಲ್ಲಿ. ರೆಂಜೆಯನ್ನು ಒಂದು ಹಗಲಿನಲ್ಲಿ ಕಡಿದು ಇಳಿಸಿದರು. ಅದು ನಿಂತಿದ್ದಲ್ಲಿ ಗ್ರಾನೈಟಿನ ಕಟ್ಟೆ ಬಂತು, ಮೇಲೆ ತಗಡಿನ ಮಾಡು, ಮಾಡಿಗೆ ದಾನಿಗಳ ಹೆಸರಿನ ಫಲಕ. ಹಾಲೆ ಎರಡೂ, ಕಾಸರಕವೂ, ಅವುಗಳ ಬುಡದ ಮಣ್ಣೂ ಉಳಿದವು. ಆಗಿಂದ ಜೋರು ಮಳೆ ಬಂದರೆ ಓಣಿಯಲ್ಲಿ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಸ್ಟೆಲಿನ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಮಾಡಿನ ಕೆಳಗೆ ನಾಗನಿಗೆ ಈಗ ಮಳೆ ಬೀಳುವುದಿಲ್ಲ. ದುಬೈ ಮಾವನಿಗೆ ನಿದ್ರೆ ಬರುತ್ತಿರಬಹುದು.

ಕಳೆದ ತಿಂಗಳು ನನ್ನನ್ನು ನಿಲ್ಲಿಸಿದ ಸಿಮೆಂಟಿನ ವಾಸನೆ ಎರಡನೆಯ ಹಂತದ್ದು. ಸುತ್ತ ಗೋಡೆ, ಉಳಿದ ಮಣ್ಣಿಗೆಲ್ಲ ಇಂಟರ್‌ಲಾಕ್. ಅದಾಗಿ ಒಂದು ಭಾನುವಾರ ದುಬೈ ಮಾವ ನಮ್ಮಲ್ಲಿಗೆ ಬಂದರು. ತೆಳ್ಳಗಾಗಿದ್ದಾರೆ. ಅಮ್ಮ ಕೊಟ್ಟ ಚಹಾವನ್ನು ಸಕ್ಕರೆ ಬೇಡವೆಂದು ಹಿಂದೆ ಕೊಟ್ಟು, ಮತ್ತೆ ಬಂದದ್ದನ್ನು ಕುಡಿದರು. ಗೋಡೆಗೆ ಬೇಕಾದದ್ದು ಚಿಕ್ಕ ಟೆಂಪೋದಲ್ಲಿ ಬಂದಿತ್ತು. ಇಂಟರ್‌ಲಾಕ್ ಲಾರಿಯಲ್ಲಿ ಬರುತ್ತದೆ. ಓಣಿಯ ತುದಿಯಲ್ಲಿ ಲಾರಿ ತಿರುಗುವುದಿಲ್ಲ. ನಮ್ಮ ಅಂಗಳದ ಒಳಗಿಂದ ತಂದರೆ ಬನದ ಬದಿಗೇ ಇಳಿಸಬಹುದು.

“ಒಂದು ದಿನದ ಕೆಲಸ. ಗೇಟೊಂದು ತೆರೆದುಕೊಟ್ಟರೆ ಸಾಕು,” ಎಂದರು.

ಅಪ್ಪ ಹೋದ ಮೇಲೆ ಇಂಥ ಮಾತುಗಳಿಗೆ ಉತ್ತರ ಕೊಡಬೇಕಾದವಳು ನಾನು. ಅಮ್ಮ ನನ್ನ ಮುಖ ನೋಡಿದರು. ನೆರೆಕರೆಯವರಿಗೆ ನಾವು ಇದುವರೆಗೆ ಯಾವುದಕ್ಕೂ ಇಲ್ಲ ಎಂದವರಲ್ಲ. ನನಗೆ ಜನರೆದುರು ಮಾತೇ ಕಡಿಮೆ. ತರಗತಿಯಲ್ಲಿ ಹೊರತು ಎಲ್ಲಿಯೂ ಧ್ವನಿ ಎತ್ತಿದವಳಲ್ಲ.

“ಆಗುವುದಿಲ್ಲ ಮಾವ,” ಎಂದೆ.

ಅಂಗಳ ಹಾಳಾದೀತೆಂದು ಬೇಡವೆನ್ನುತ್ತಿದ್ದೇನೆಂದು ಅವರು ತಿಳಿದರು. “ಹಾಳಾದರೆ ಸರಿಮಾಡಿಸಿ ಕೊಡ್ತೇನೆ. ನಿಮಗೂ ಬೇಕಾದರೆ ಅದರಲ್ಲೇ ಒಂದಿಷ್ಟು ಇಂಟರ್‌ಲಾಕ್ ಹಾಕಿಸುವ.”

“ಅದಕ್ಕಲ್ಲ. ಕಟ್ಟೆ ಕಟ್ಟಿದಿರಿ. ಕಟ್ಟೆ ಇರಲಿ. ಉಳಿದ ಮಣ್ಣು ಹಾಗೇ ಇರಲಿ. ಅದನ್ನು ಮುಚ್ಚುವುದಕ್ಕೆ ನಮ್ಮ ಗೇಟು ತೆರೆಯುವುದಿಲ್ಲ.”

ಅವರು ಚಹಾದ ಲೋಟವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅಕ್ಕನೊಡನೆ ವರ್ಷಗಟ್ಟಲೆ ಮಾಡಿದ ವಾದ ಮತ್ತೆ ಎದುರಿಗೆ ಬಂದು ಕುಳಿತದ್ದು ಅವರಿಗೂ ಕಂಡಿರಬೇಕು. “ನೀವು ನಮ್ಮ ಕುಟುಂಬದವರಲ್ಲ,” ಎಂದರು, ನಿಧಾನವಾಗಿ.

“ಅಲ್ಲ. ಹರಿವಾಣ ನನ್ನ ಮುಂದೆ ಬರುವುದಿಲ್ಲ, ಗೊತ್ತು. ಅಂಗಳ ನಮ್ಮದು.”

ಅವರು ಹೋದ ಮೇಲೆ ಅಮ್ಮ ಬಹಳ ಹೊತ್ತು ಪಾತ್ರೆ ತೊಳೆದರು. “ನೆರೆಕರೆ ಕೆಡಿಸಿಕೊಂಡೆ,” ಎಂದರು. ಕೊನೆಯ ಲೋಟವನ್ನು ಬೋರಲು ಹಾಕಿ, “ಕೆಟ್ಟರೆ ಕೆಡಲಿ,” ಎಂದರು.

ಇದರಿಂದ ಬನ ಉಳಿಯುತ್ತದೆಂದು ನಾನು ನಂಬಿಲ್ಲ. ಅವರು ಹೊತ್ತು ತರಬಹುದು, ಟೆಂಪೋದಲ್ಲಿ ಸ್ವಲ್ಪ ಸ್ವಲ್ಪವೇ ತರಬಹುದು. ತಡೆಯುವ ಹಕ್ಕು ನನಗಿಲ್ಲ. ನನ್ನ ಕೈಯಲ್ಲಿ ಇದ್ದದ್ದು ನನ್ನ ಒಪ್ಪಿಗೆಯೊಂದೇ. ಅದನ್ನು ಕೊಡಲಿಲ್ಲ. ಇಷ್ಟನ್ನು ಯಾರಿಗಾದರೂ ಹೇಳಬೇಕೆನಿಸಿ ಆ ಸಂಜೆ ಮುರಕಲ್ಲಿನ ಗೋಡೆಯ ಬಳಿಗೆ ಹೋದೆ. ಆಚೆಮನೆಯಲ್ಲಿ ಈಗ ಹಾಸ್ಟೆಲಿನ ಮ್ಯಾನೇಜರು ಇದ್ದಾರೆ. “ನೀರು ಬೇಕಿತ್ತಾ ಮೇಡಂ?” ಎಂದು ಕೇಳಿದರು. ಬೇಡವೆಂದು ಬಂದೆ.

ಮರುದಿನ ಬೆಳಿಗ್ಗೆ ಇಂಟರ್‌ಲಾಕ್ ತುಂಬಿದ ಲಾರಿ ಓಣಿಯ ಬಾಯಿಯಲ್ಲಿ, ಮುಖ್ಯರಸ್ತೆಗೆ ಅಡ್ಡವಾಗಿ ನಿಂತಿತ್ತು. ಸುದ್ದಿ ಅದಕ್ಕೆ ತಲುಪಿರಲಿಲ್ಲ. ಹಿಂದೆ ಶಿರ್ತಾಡಿಯ ಬಸ್ಸು ಹಾರ್ನು ಒತ್ತುತ್ತಲೇ ಇತ್ತು. ಎರಡು ಸ್ಕೂಟರುಗಳು ಚರಂಡಿಗೆ ಇಳಿದು ದಾಟಲು ನೋಡುತ್ತಿದ್ದವು. ಕಾಲೇಜಿನ ಚೀಲ ಹೆಗಲಿಗೇರಿಸಿ ನಾನು ಪಕ್ಕದಿಂದ ನುಸುಳುವಾಗ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿದ.

“ಅಕ್ಕ, ಆ ಒಳಗಿನ ಮನೆಯ ಗೇಟು ಎಷ್ಟು ಹೊತ್ತಿಗೆ ತೆರೀತಾರೆ, ಗೊತ್ತುಂಟಾ?”

“ತೆರೆಯುವುದಿಲ್ಲ,” ಎಂದೆ.

ಮಾಮಿಯಾಗಿದ್ದರೆ ಇನ್ನೆರಡು ಮಾತು ಸೇರಿಸಿ ಅವನನ್ನು ನಗಿಸಿಯೇ ಹಿಂದೆ ಕಳಿಸುತ್ತಿದ್ದರು. ನನಗೆ ಅದು ಬರುವುದಿಲ್ಲ. ಅವನು ಏನೋ ಗೊಣಗಿದ. ನಾನು ರಸ್ತೆ ದಾಟಿ, ಬೆಳ್ತಂಗಡಿಯ ಬಸ್ಸಿಗೆ ಕೈ ತೋರಿಸಿದೆ.